ಗೆಳೆಯರಿಂದಲೇ ಹದಿಹರೆಯದ ಪಾಠ: ಹೈಸ್ಕೂಲಿನ ಪೀರ್ ಎಜುಕೇಟರ್ ಏನು ಮಾಡ್ತಾರೆ? ಪೇಟೆಯವರ ಪಾಲು ಎಷ್ಟು?

ಒಂಬತ್ತನೇ ಕ್ಲಾಸಿನ ಹುಡುಗಿಗೆ ಎರಡು ತಿಂಗಳಿಂದ ಮುಟ್ಟು ಬಂದಿಲ್ಲ ಅಂದ್ರೆ ಮೊದಲು ಹೇಳೋದು ಯಾರಿಗೆ? ಬಹಳ ಸಲ ಅಮ್ಮನಿಗಲ್ಲ, ಟೀಚರಿಗಲ್ಲ, ಡಾಕ್ಟರಿಗಂತೂ ಅಲ್ಲವೇ ಅಲ್ಲ. ಪಕ್ಕದ ಬೆಂಚಿನ ಗೆಳತಿಗೆ. ಅದೇ ವಯಸ್ಸಿನ ಹುಡುಗನಿಗೆ ನಿದ್ದೆಯಲ್ಲಿ ಚಡ್ಡಿ ಒದ್ದೆಯಾಗಿ ಭಯವಾದರೆ ಅವನು ಕೇಳೋದು ಗೆಳೆಯನನ್ನ, ಇಲ್ಲಾಂದ್ರೆ ಮೊಬೈಲನ್ನ. ಗೆಳತಿಗೂ ಗೊತ್ತಿಲ್ಲ, ಗೆಳೆಯನಿಗೂ ಗೊತ್ತಿಲ್ಲ. ಮೊಬೈಲ್ ತೋರಿಸೋದೇ ಬೇರೆ.

ಮಕ್ಕಳು ಹೇಗೂ ಗೆಳೆಯರಿಂದಲೇ ಕಲಿಯುತ್ತಾರೆ. ಹಾಗಿದ್ದ ಮೇಲೆ ಆ ಗೆಳೆಯರಲ್ಲೇ ಕೆಲವರಿಗೆ ಸರಿಯಾದ ತರಬೇತಿ ಕೊಟ್ಟರೆ ಹೇಗೆ? ಪೀರ್ ಎಜುಕೇಷನ್ ಅನ್ನೋದರ ಹಿಂದಿರುವ ಯೋಚನೆ ಇಷ್ಟೇ. ಸರ್ಕಾರದ ಆರೋಗ್ಯ ಕಾರ್ಯಕ್ರಮದಲ್ಲಿ ಇದಕ್ಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಜಾಗ ಇದೆ. ಆದರೂ ತಾಲೂಕು ಮಟ್ಟದಲ್ಲಿ ಬಹಳ ಪೋಷಕರಿಗೆ ಇದರ ಹೆಸರೇ ಗೊತ್ತಿಲ್ಲ. ಗೊತ್ತಿದ್ದವರಿಗೂ ಅನುಮಾನ: "ಮಕ್ಕಳೇ ಮಕ್ಕಳಿಗೆ ಇಂಥದ್ದೆಲ್ಲ ಹೇಳಿಕೊಡೋದಾ?"

ಏನಿದು ಯೋಜನೆ, ಎಲ್ಲಿ ಕೆಲಸ ಮಾಡುತ್ತೆ, ಎಲ್ಲಿ ಕೈಕೊಡುತ್ತೆ, ಊರಿನವರು ಮತ್ತು ಅಂಗಡಿಯವರು ಇದರಲ್ಲಿ ಎಲ್ಲಿ ಬರ್ತಾರೆ ಅನ್ನೋದರ ವಿವರ ಇಲ್ಲಿದೆ.

ಪೀರ್ ಎಜುಕೇಟರ್ ಅಂದ್ರೆ ಯಾರು?

ಕೇಂದ್ರ ಸರ್ಕಾರ 2014ರ ಜನವರಿ 7ರಂದು ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಶುರು ಮಾಡಿತು. 10ರಿಂದ 19 ವರ್ಷದ ಎಲ್ಲ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ, ಶಾಲೆಗೆ ಹೋಗುವವರೂ, ಬಿಟ್ಟವರೂ. ಪೌಷ್ಟಿಕತೆ, ಲೈಂಗಿಕ ಮತ್ತು ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ಹಿಂಸೆ ಮತ್ತು ಗಾಯ, ಮಾದಕ ವಸ್ತು, ಸಕ್ಕರೆ ಕಾಯಿಲೆ–ಬಿಪಿಯಂಥ ರೋಗಗಳು ಹೀಗೆ ಆರು ವಿಷಯ. ಅಂದ್ರೆ ಇದು ಬರೀ 'ಸೆಕ್ಸ್ ಎಜುಕೇಷನ್' ಅಲ್ಲ. ಆದರೆ ಮಾತಾಡೋಕೆ ಹಿಂಜರಿಯುವ ವಿಷಯವೂ ಈ ಪಟ್ಟಿಯಲ್ಲಿ ಇದೆ.

ಯೋಜನೆಯ ಲೆಕ್ಕದ ಪ್ರಕಾರ ಸುಮಾರು ಒಂದು ಸಾವಿರ ಜನಸಂಖ್ಯೆಗೆ ನಾಲ್ವರು ಪೀರ್ ಎಜುಕೇಟರ್‌ಗಳು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಒಬ್ಬೊಬ್ಬರು 15ರಿಂದ 20 ಮಕ್ಕಳ ಒಂದು ಗುಂಪು ಮಾಡಿಕೊಂಡು ವಾರಕ್ಕೊಮ್ಮೆ ಒಂದೆರಡು ಗಂಟೆ ಕೂರಬೇಕು. ಹುಡುಗರ ಗುಂಪಿಗೆ ಹುಡುಗ, ಹುಡುಗಿಯರ ಗುಂಪಿಗೆ ಹುಡುಗಿ. ಇವರ ಬೆನ್ನಿಗೆ ಊರಿನ ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಿಬ್ಬಂದಿ. ಇವರಿಗಾಗಿಯೇ 2017ರಲ್ಲಿ 'ಸಾಥಿಯಾ' ಹೆಸರಿನ ಕಿಟ್ ಬಂತು. ಅದರಲ್ಲಿ ಪುಸ್ತಕ, ಆಟ, ಪ್ರಶ್ನೋತ್ತರ ಎಲ್ಲ ಇವೆ.

ಇದು ಹಳ್ಳಿಯ ಲೆಕ್ಕ. ಶಾಲೆಯೊಳಗೆ ಇನ್ನೊಂದು ದಾರಿ ಇದೆ. 2020ರಲ್ಲಿ ಆಯುಷ್ಮಾನ್ ಭಾರತ್ ಅಡಿ ಶಾಲಾ ಆರೋಗ್ಯ ಕಾರ್ಯಕ್ರಮ ಬಂತು. ಪ್ರತಿ ಶಾಲೆಯಲ್ಲಿ ಇಬ್ಬರು ಶಿಕ್ಷಕರು, ಆದಷ್ಟೂ ಒಬ್ಬರು ಮೇಷ್ಟ್ರು ಒಬ್ಬರು ಟೀಚರ್, 'ಆರೋಗ್ಯ ರಾಯಭಾರಿ'ಗಳಾಗಿ ತರಬೇತಿ ಪಡೆಯಬೇಕು. ಅವರ ಜೊತೆಗೆ ಪ್ರತಿ ತರಗತಿಯ ಇಬ್ಬರು ವಿದ್ಯಾರ್ಥಿಗಳು ಆರೋಗ್ಯದ ಸಂದೇಶ ಹೊತ್ತು ಉಳಿದ ಮಕ್ಕಳಿಗೆ ಮುಟ್ಟಿಸಬೇಕು. ಒಟ್ಟು 11 ವಿಷಯಗಳಲ್ಲಿ ಸಂತಾನೋತ್ಪತ್ತಿ ಆರೋಗ್ಯ ಮತ್ತು ಎಚ್‌ಐವಿ ತಡೆ ಒಂದು, ಮೊಬೈಲ್–ಇಂಟರ್ನೆಟ್ಟಿನ ಸುರಕ್ಷಿತ ಬಳಕೆ ಇನ್ನೊಂದು.

ನಿಂತು ನಿಂತು ಬಂದ ಗಾಡಿ

ಕರ್ನಾಟಕದಲ್ಲಿ ಈ ವಿಷಯ ಸಲೀಸಾಗಿ ಶಾಲೆಯೊಳಗೆ ಬಂದದ್ದಲ್ಲ. 2005ರಲ್ಲಿ ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮ ಬಂದಾಗ ಅದರ ಚಿತ್ರ, ಪಾಠಗಳ ಬಗ್ಗೆ ದೇಶದ ಹಲವೆಡೆ ಗಲಾಟೆ ಎದ್ದಿತು. 2007ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದವು. ಆಮೇಲೆ ಪುಸ್ತಕಗಳ ಪರಿಷ್ಕರಣೆ ಆಯಿತು. ವಿಷಯ ಮಾತ್ರ 'ಜೀವನ ಕೌಶಲ', 'ಆರೋಗ್ಯ' ಅನ್ನೋ ಹೆಸರಿನ ಹಿಂದೆ ಕೂತಿತು.

2024ರ ಸೆಪ್ಟೆಂಬರ್ 23ರಂದು ಮಕ್ಕಳ ಅಶ್ಲೀಲ ದೃಶ್ಯಗಳ ಕುರಿತ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ, ಲೈಂಗಿಕ ಶಿಕ್ಷಣದ ಬಗ್ಗೆ ದೇಶದಲ್ಲಿ ತಪ್ಪು ಕಲ್ಪನೆ ಬಹಳ ಇದೆ, ವಯಸ್ಸಿಗೆ ತಕ್ಕ ಸಮಗ್ರ ಶಿಕ್ಷಣ ಬೇಕು ಎಂಬ ಅರ್ಥದ ಮಾತು ಹೇಳಿತು. 2025ರ ಮಾರ್ಚಿನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು 8ರಿಂದ 12ನೇ ತರಗತಿವರೆಗೆ ಲೈಂಗಿಕ ಶಿಕ್ಷಣ ತರುವುದಾಗಿ ಪ್ರಕಟಿಸಿದರು. ಹೀಗಾಗಿ 'ಬೇಕೋ ಬೇಡವೋ' ಅನ್ನೋ ಪ್ರಶ್ನೆಗಿಂತ 'ಯಾರು, ಹೇಗೆ ಹೇಳಬೇಕು' ಅನ್ನೋದೇ ಈಗ ಮುಖ್ಯ.

ಮೇಷ್ಟ್ರು ಹೇಳಿದ್ರೆ ಸಾಲಲ್ವಾ?

ಎಂಟನೇ ಕ್ಲಾಸಿನ ವಿಜ್ಞಾನದಲ್ಲಿ ಹದಿಹರೆಯದ ಪಾಠ ಇದೆ. ಹತ್ತನೇ ಕ್ಲಾಸಿನಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ, ಪರೀಕ್ಷೆಗೂ ಬರುತ್ತೆ. ಆದರೆ ಎಷ್ಟೋ ಕಡೆ "ಇದನ್ನ ಮನೇಲಿ ಓದ್ಕೊಳ್ಳಿ" ಅಂತ ಪುಟ ತಿರುಗಿಸಿಬಿಡೋದು ಹೊಸದೇನಲ್ಲ. ಪಾಠ ಮಾಡಿದರೂ ಅದು ಅಂಡಾಶಯ, ವೀರ್ಯನಾಳದ ಚಿತ್ರ ಬಿಡಿಸೋದಕ್ಕೆ ನಿಲ್ಲುತ್ತೆ. "ನಂಗ್ಯಾಕೆ ಹೊಟ್ಟೆ ಇಷ್ಟು ನೋಯ್ತಿದೆ?" ಅನ್ನೋ ಪ್ರಶ್ನೆಗೆ ಆ ಚಿತ್ರದಲ್ಲಿ ಉತ್ತರ ಇಲ್ಲ.

ಮೇಷ್ಟ್ರ ತೊಂದರೆಯೂ ಇದೆ. ಅವರೇ ಮಾರ್ಕ್ಸ್ ಹಾಕುವವರು, ಅವರೇ ಶಿಸ್ತು ಮಾಡುವವರು, ಸಂತೆಯಲ್ಲಿ ಅಪ್ಪ ಸಿಕ್ಕಾಗ ಮಾತಾಡಿಸುವವರೂ ಅವರೇ. ಅಂಥವರ ಮುಂದೆ ಎದ್ದುನಿಂತು ಇಂಥ ಪ್ರಶ್ನೆ ಕೇಳುವ ಮಗು ಅಪರೂಪ.

ಬಿಹಾರದ ನಳಂದ ಜಿಲ್ಲೆಯ ಹೈಸ್ಕೂಲುಗಳಲ್ಲಿ ನಡೆದ 'ಸೆಹೆರ್' ಅಧ್ಯಯನ ಇಲ್ಲಿ ನೆನೆಯಬೇಕಾದದ್ದು. ಒಂದೇ ಆರೋಗ್ಯ ಕಾರ್ಯಕ್ರಮವನ್ನು ಕೆಲವು ಶಾಲೆಯಲ್ಲಿ ಅಲ್ಲಿನ ಶಿಕ್ಷಕರೇ ನಡೆಸಿದರು, ಕೆಲವು ಶಾಲೆಯಲ್ಲಿ ತರಬೇತಿ ಪಡೆದ ಸ್ಥಳೀಯ ಆಪ್ತ ಸಲಹೆಗಾರರು ನಡೆಸಿದರು. 2018ರಲ್ಲಿ ಬಂದ ಫಲಿತಾಂಶದ ಪ್ರಕಾರ ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಕೀಟಲೆ–ಹಿಂಸೆ ಕಡಿಮೆಯಾಯಿತು, ಸಂತಾನೋತ್ಪತ್ತಿ ಆರೋಗ್ಯದ ತಿಳಿವಳಿಕೆ ಹೆಚ್ಚಿತು. ಶಿಕ್ಷಕರು ನಡೆಸಿದ ಕಡೆ ಅಂಥ ಬದಲಾವಣೆ ಕಾಣಲಿಲ್ಲ. ಸಲಹೆಗಾರರು ಮಕ್ಕಳ ವಯಸ್ಸಿನವರಲ್ಲ ನಿಜ. ಆದರೆ ಪಾಠ ಒಂದೇ ಆದರೂ ಹೇಳುವವರು ಯಾರು ಅನ್ನೋದರ ಮೇಲೆ ಫಲ ಬೇರೆಯಾಗುತ್ತೆ ಅನ್ನೋದು ಇದರಿಂದ ಗೊತ್ತಾಗುತ್ತೆ.

ಗುಂಪಿನಲ್ಲಿ ಏನು ಮಾತಾಡ್ತಾರೆ?

ಪೋಷಕರು ಅಂದುಕೊಂಡಷ್ಟು ಗಾಬರಿಯ ವಿಷಯ ಅಲ್ಲಿ ಇರೋದಿಲ್ಲ. ಬಹುತೇಕ ಕಡೆ ಒಂದು ಪ್ರಶ್ನೆ ಪೆಟ್ಟಿಗೆ ಇಡುತ್ತಾರೆ. ಹೆಸರು ಬರೆಯದೆ ಚೀಟಿ ಹಾಕಬಹುದು. ಆಮೇಲೆ ಒಂದೊಂದೇ ಚೀಟಿ ತೆಗೆದು ಉತ್ತರ ಹೇಳೋದು. ಈ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳೂ, ತರಬೇತಾದವರು ಹೇಳಬೇಕಾದ ಉತ್ತರಗಳೂ ಹೀಗಿವೆ.

ಮುಟ್ಟು ಸರಿಯಾಗಿ ತಿಂಗಳಿಗೆ ಬರ್ತಿಲ್ಲ, ಏನಾದ್ರೂ ತೊಂದರೆನಾ? ಮೈನೆರೆದ ಮೊದಲ ಒಂದೆರಡು ವರ್ಷ ಏರುಪೇರು ಸಹಜ. 21 ದಿನದಿಂದ 45 ದಿನದವರೆಗೂ ಅಂತರ ಇರಬಹುದು. ಆದರೆ ಮೂರು ತಿಂಗಳು ಬರದಿದ್ದರೆ, ಏಳು ದಿನ ದಾಟಿಯೂ ನಿಲ್ಲದಿದ್ದರೆ, ಒಂದೆರಡು ಗಂಟೆಗೇ ಪ್ಯಾಡ್ ತುಂಬಿ ಹೋಗ್ತಿದ್ದರೆ, ನೋವಿಗೆ ಶಾಲೆ ಬಿಡುವಂತಾದರೆ ಆಸ್ಪತ್ರೆಗೆ ತೋರಿಸಬೇಕು.

ಬಿಳಿ ಹೋಗ್ತಿದೆ, ಮೈ ಕರಗಿ ಹೋಗುತ್ತಂತೆ? ಮೈ ಕರಗೋದಿಲ್ಲ. ಸ್ವಲ್ಪ ಬಿಳಿ ಹೋಗೋದು ಸಹಜ. ವಾಸನೆ, ತುರಿಕೆ, ಬಣ್ಣ ಬದಲಾಗಿದ್ದರೆ ಸೋಂಕು ಇರಬಹುದು. ಅದಕ್ಕೆ ಔಷಧಿ ಇದೆ.

ನಿದ್ದೆಯಲ್ಲಿ ವೀರ್ಯ ಹೋದ್ರೆ ಶಕ್ತಿ ಹೋಗುತ್ತಾ? ಇಲ್ಲ. ಹದಿಹರೆಯದಲ್ಲಿ ಇದು ಸಹಜ. ರೋಗ ಅಲ್ಲ, ಚಿಕಿತ್ಸೆ ಬೇಕಿಲ್ಲ. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ 'ಗುಪ್ತರೋಗ, ನಿಶ್ಶಕ್ತಿಗೆ ಶರ್ತಿಯಾ ಚಿಕಿತ್ಸೆ' ಅಂತ ಬರೆಸುವವರು ಬದುಕೋದೇ ಹುಡುಗರ ಈ ಭಯದ ಮೇಲೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಹಾಕೋದು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆಯ ಪ್ರಕಾರ ಅಪರಾಧ.

ಯಾರೋ ಫೋಟೊ ಇಟ್ಕೊಂಡು ಹೆದರಿಸ್ತಿದಾರೆ. ಈ ಚೀಟಿ ಬಂದರೆ ಪೀರ್ ಎಜುಕೇಟರ್ ತಾನೇ ಬಗೆಹರಿಸೋಕೆ ಹೋಗಬಾರದು. ದುಡ್ಡು ಕೊಡಬೇಡ, ಇನ್ನೊಂದು ಫೋಟೊ ಕಳಿಸಬೇಡ, ಮೆಸೇಜ್ ಅಳಿಸಬೇಡ, ದೊಡ್ಡವರಿಗೆ ಹೇಳೋಣ ಅಂತಷ್ಟೇ ಹೇಳಿ ಟೀಚರ್ ಹತ್ತಿರ ಕರೆದುಕೊಂಡು ಹೋಗಬೇಕು. ಹುಡುಗರಿಗೆ ಇನ್ನೊಂದು ಮಾತನ್ನೂ ಗಟ್ಟಿಯಾಗಿ ಹೇಳಬೇಕಾಗುತ್ತೆ. 18 ವರ್ಷದೊಳಗಿನವರ ಅಂಥ ಫೋಟೊ, ವಿಡಿಯೊ ಫಾರ್ವರ್ಡ್ ಮಾಡಿದರೆ ಕೇಸ್ ಆಗುತ್ತೆ. ಅಳಿಸದೆ, ದೂರನ್ನೂ ಕೊಡದೆ ಮೊಬೈಲಲ್ಲಿ ಇಟ್ಟುಕೊಂಡರೂ ಕಾನೂನಿನ ಕೈಗೆ ಸಿಕ್ಕಿಬೀಳಬಹುದು.

ಇವುಗಳ ಜೊತೆಗೆ ಊಟ, ರಕ್ತಹೀನತೆ, ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ, ಜಂತುಹುಳು ಮಾತ್ರೆ ಎಲ್ಲವೂ ಬರುತ್ತೆ. ಇದು ಸಣ್ಣ ವಿಷಯ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆ ಆಗಿತ್ತು. ಅಂದ್ರೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು. 15ರಿಂದ 19ರ ವಯಸ್ಸಿನಲ್ಲೇ ತಾಯಿಯಾದವರು ಅಥವಾ ಗರ್ಭಿಣಿಯರಾಗಿದ್ದವರು ಶೇ 5ಕ್ಕಿಂತ ಹೆಚ್ಚು. ಹೈಸ್ಕೂಲಿನಲ್ಲಿ ಈ ಮಾತು ಬೇಡ ಅನ್ನುವವರು ಈ ಲೆಕ್ಕ ಒಮ್ಮೆ ನೋಡಬೇಕು.

ಇದರಿಂದ ನಿಜವಾಗಿ ಉಪಯೋಗ ಇದೆಯಾ?

ಇದೆ, ಆದರೆ ಒಂದು ಮಿತಿಯಲ್ಲಿ. ಇಂಗ್ಲೆಂಡಿನ 27 ಶಾಲೆಗಳಲ್ಲಿ 'ರಿಪಲ್' ಅನ್ನೋ ದೊಡ್ಡ ಅಧ್ಯಯನ ನಡೆದಿತ್ತು. 16–17 ವರ್ಷದ ವಿದ್ಯಾರ್ಥಿಗಳು ತರಬೇತಿ ಪಡೆದು 13–14 ವರ್ಷದವರಿಗೆ ಪಾಠ ಹೇಳಿದರು. ಮಕ್ಕಳಿಗೆ ಟೀಚರ್ ಪಾಠಕ್ಕಿಂತ ಇದೇ ಹೆಚ್ಚು ಹಿಡಿಸಿತು. 2004ರಲ್ಲಿ ಬಂದ ವರದಿಯ ಪ್ರಕಾರ, ಗೆಳೆಯರಿಂದ ಪಾಠ ಕೇಳಿದ ಹುಡುಗಿಯರಲ್ಲಿ 16 ತುಂಬುವ ಮೊದಲು ಲೈಂಗಿಕ ಸಂಪರ್ಕ ಮಾಡಿದ್ದಾಗಿ ಹೇಳಿದವರು ಟೀಚರ್ ಪಾಠ ಕೇಳಿದ ಗುಂಪಿಗಿಂತ ಕಡಿಮೆ ಇದ್ದರು. 'ಹೇಳಿಕೊಟ್ಟರೆ ಮಕ್ಕಳು ಕೆಡ್ತಾರೆ' ಅನ್ನೋ ಭಯಕ್ಕೆ ಇದು ಉತ್ತರ. ಆದರೆ ಹುಡುಗರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. 2008ರ ವರದಿಯಲ್ಲಿ, 20 ವರ್ಷದ ಹೊತ್ತಿಗೆ ಗರ್ಭಪಾತದ ಪ್ರಮಾಣದಲ್ಲೂ ಎರಡು ಗುಂಪಿಗೆ ವ್ಯತ್ಯಾಸ ಇರಲಿಲ್ಲ. ಇನ್ನೊಂದು ಗಮನಿಸಬೇಕಾದ ವಿಷಯ: ಅರ್ಧಕ್ಕಿಂತ ಹೆಚ್ಚು ಹುಡುಗಿಯರು ತಮಗೆ ಹುಡುಗರಿಲ್ಲದ ಪ್ರತ್ಯೇಕ ಗುಂಪು ಬೇಕಿತ್ತು ಅಂದಿದ್ದರು. ಇಂಗ್ಲೆಂಡಿನಲ್ಲೇ ಹಾಗಾದರೆ ಇಲ್ಲಿ ಕೇಳೋದೇ ಬೇಡ.

ನಮ್ಮದೇ ರಾಜ್ಯದ ಉದಾಹರಣೆಯೂ ಇದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ 'ಸಮತಾ' ಹೆಸರಿನ ಅಧ್ಯಯನ ನಡೆಯಿತು. ಪರಿಶಿಷ್ಟ ಜಾತಿ, ಪಂಗಡದ ಹುಡುಗಿಯರು ಹೈಸ್ಕೂಲ್ ಬಿಡದಂತೆ, ಬೇಗ ಮದುವೆಯಾಗದಂತೆ ತಡೆಯೋದು ಇದರ ಉದ್ದೇಶ. ಹುಡುಗಿಯರ ಗುಂಪು, ಹುಡುಗರ ಜೊತೆ ಮಾತು, ಪೋಷಕರ ಭೇಟಿ, ಶಾಲೆಯ ಜೊತೆ ಕೆಲಸ ಎಲ್ಲವೂ ಇತ್ತು. ಆದರೂ ಒಟ್ಟಾರೆ ನೋಡಿದಾಗ ಶಾಲೆ ಬಿಡುವುದರಲ್ಲಿ, ಮದುವೆಯಲ್ಲಿ ಖಚಿತವಾಗಿ ಹೇಳುವಂಥ ದೊಡ್ಡ ಬದಲಾವಣೆ ಸಿಗಲಿಲ್ಲ.

ಇದರಿಂದ ತಿಳಿಯೋದು ಏನು? ಗೆಳೆಯರ ಗುಂಪು ತಿಳಿವಳಿಕೆ ಕೊಡುತ್ತೆ, ನಾಚಿಕೆ ಬಿಡಿಸುತ್ತೆ, ಬಾಯಿ ಬಿಡಿಸುತ್ತೆ. ಆದರೆ ಅದೊಂದರಿಂದಲೇ ಮದುವೆ ನಿಲ್ಲೋದಿಲ್ಲ, ರೋಗ ವಾಸಿಯಾಗೋದಿಲ್ಲ. 15 ವರ್ಷದ ಹುಡುಗಿ ಇನ್ನೊಬ್ಬಳಿಗೆ "ನಡಿ, ಆಸ್ಪತ್ರೆಗೆ ಹೋಗೋಣ" ಅನ್ನಬಹುದು. ಆಸ್ಪತ್ರೆಯಲ್ಲಿ ಬೈದು ಕಳಿಸಿದರೆ ಅವಳ ಮಾತಿಗೆ ಬೆಲೆ ಎಲ್ಲಿ? ಪೀರ್ ಎಜುಕೇಟರ್ ಒಂದು ಸೇತುವೆ. ಸೇತುವೆಯ ಆಚೆ ದಡ ಕಟ್ಟುವ ಕೆಲಸ ದೊಡ್ಡವರದ್ದು.

ಎಲ್ಲಿ ಕೆಡುತ್ತೆ?

ಮೊದಲನೇ ತಪ್ಪು ಆಯ್ಕೆಯಲ್ಲಿ. ಕ್ಲಾಸಿಗೆ ಫಸ್ಟ್ ಬರುವ ಹುಡುಗಿ, ಮೇಷ್ಟ್ರಿಗೆ ಮೆಚ್ಚಿನ ಹುಡುಗ, ಇವರನ್ನೇ ಹೆಸರಿಸಿ ಕಳಿಸಿಬಿಡೋದು ಸುಲಭ. ಆದರೆ ಹಿಂದಿನ ಬೆಂಚಿನವರು ಅವರ ಹತ್ತಿರ ಬಾಯಿ ಬಿಡ್ತಾರಾ? ಮಕ್ಕಳೇ ಯಾರನ್ನ ನಂಬ್ತಾರೆ ಅಂತ ಕೇಳಿ ಆರಿಸಬೇಕು.

ಎರಡನೆಯದು ಒಂದು ಸಲದ ತರಬೇತಿ. ಎರಡು ದಿನ ಕೂರಿಸಿ, ಬ್ಯಾಗ್ ಕೊಟ್ಟು, ಫೋಟೊ ತೆಗೆಸಿ ಕಳಿಸಿದರೆ ಆರು ತಿಂಗಳಲ್ಲಿ ಅರ್ಧ ಮರೆತಿರುತ್ತಾರೆ. ಹತ್ತನೇ ಕ್ಲಾಸ್ ಮುಗಿದ ಮೇಲೆ ಆ ಮಕ್ಕಳು ಶಾಲೆಯಿಂದಲೇ ಹೋಗಿಬಿಡ್ತಾರೆ. ಪ್ರತಿ ವರ್ಷ ಒಂಬತ್ತನೇ ಕ್ಲಾಸಿನಿಂದ ಹೊಸಬರನ್ನ ತಯಾರು ಮಾಡದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತೆ.

ಮೂರನೆಯದು ಹುಡುಗರನ್ನು ಮರೆಯೋದು. ಮುಟ್ಟಿನ ಕಾರ್ಯಕ್ರಮ ಅಂದ ಕೂಡಲೇ ಹುಡುಗರನ್ನ ಗ್ರೌಂಡಿಗೆ ಕಳಿಸ್ತಾರೆ. ಅವರಿಗೆ ಹೇಳುವವರೇ ಇಲ್ಲ. ಸಮವಸ್ತ್ರದ ಮೇಲೆ ಕಲೆ ಕಂಡರೆ ನಗೋದು, ಅಡ್ಡಹೆಸರು ಇಡೋದು ಇದರ ಫಲ.

ನಾಲ್ಕನೆಯದು ಅತಿಯಾದ ಹೊರೆ. ಕೆಲವು ಗುಟ್ಟುಗಳು ಒಂದು ಮಗು ಹೊರುವಂಥವಲ್ಲ. ಹಾಗಾಗಿ ತರಬೇತಿಯಲ್ಲಿ ಮೊದಲು ಕಲಿಸಬೇಕಾದದ್ದು ಉತ್ತರ ಅಲ್ಲ. "ಇದು ನಂಗೆ ಗೊತ್ತಿಲ್ಲ, ಗೊತ್ತಿರೋರ ಹತ್ರ ಹೋಗೋಣ" ಅನ್ನೋ ಮಾತು.

ಗುಟ್ಟಿಗೂ ಒಂದು ಗಡಿ ಇದೆ

ಗೆಳತಿ ಹೇಳಿದ್ದನ್ನು ಬೇರೆಯವರಿಗೆ ಹೇಳಬಾರದು ಅನ್ನೋದು ಪೀರ್ ಎಜುಕೇಟರಿನ ಮೊದಲ ನಿಯಮ. ಯಾರಾದರೂ ಮೈಮುಟ್ಟಿ ಕಿರುಕುಳ ಕೊಡ್ತಿದ್ದರೆ, ಮದುವೆ ಗೊತ್ತಾಗಿದ್ದರೆ, ಜೀವ ತೆಗೆದುಕೊಳ್ಳುವ ಮಾತು ಬಂದರೆ ಆ ನಿಯಮ ಅನ್ವಯಿಸೋದಿಲ್ಲ. ಇದನ್ನ ಗುಂಪು ಶುರುವಾಗುವ ದಿನವೇ ಎಲ್ಲರಿಗೂ ಹೇಳಿಬಿಡಬೇಕು.

2012ರ ಪೋಕ್ಸೊ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಶಿಕ್ಷೆ ಇನ್ನೂ ಹೆಚ್ಚು. ಮಕ್ಕಳಿಗೆ ಮಾತ್ರ ಈ ಶಿಕ್ಷೆ ಅನ್ವಯಿಸೋದಿಲ್ಲ. ಅಂದ್ರೆ ಪೀರ್ ಎಜುಕೇಟರ್ ಆಗಿರುವ ಹುಡುಗ–ಹುಡುಗಿ ಮೇಲೆ ಕಾನೂನಿನ ಕತ್ತಿ ತೂಗಿಲ್ಲ. ಅವರು ಟೀಚರಿಗೆ ಹೇಳಿದ ಕ್ಷಣದಿಂದ ಹೊಣೆ ಟೀಚರದ್ದು. "ಶಾಲೆ ಮರ್ಯಾದೆ" ಅಂತ ಅದುಮಿಡೋಕೆ ದಾರಿ ಇಲ್ಲ.

18 ತುಂಬದ ಹುಡುಗಿ 'ಒಪ್ಪಿದ್ದಾಳೆ' ಅನ್ನೋದು ಈ ಕಾನೂನಿನ ಮುಂದೆ ನಿಲ್ಲೋದಿಲ್ಲ. ಪ್ರೀತಿ ಅಂತ ಜೊತೆಗೆ ಓಡಿಹೋದ ಹುಡುಗ ಜೈಲು ಸೇರಿದ ಮೇಲಷ್ಟೇ ಎಷ್ಟೋ ಮನೆಗಳಿಗೆ ಇದು ಗೊತ್ತಾಗೋದು. ಹುಡುಗರ ಗುಂಪಿನಲ್ಲಿ ಈ ವಿಷಯ ಮೊದಲೇ ಹೇಳಿದ್ದರೆ ಎಷ್ಟೋ ಅನಾಹುತ ತಪ್ಪುತ್ತೆ.

ಗರ್ಭ ನಿಂತಿದ್ದರೆ? ಹೆದರಿ ಅಂಗಡಿಯಿಂದ ಮಾತ್ರೆ ತಂದು ನುಂಗಿಸೋದು ಪ್ರಾಣಕ್ಕೇ ಅಪಾಯ. ಪೋಷಕರ ಒಪ್ಪಿಗೆ ಪತ್ರದೊಂದಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾನೂನುಬದ್ಧ ಚಿಕಿತ್ಸೆ ಇದೆ. ಪೊಲೀಸರಿಗೆ ವೈದ್ಯರು ಮಾಹಿತಿ ಕೊಡಬೇಕಾದರೂ, ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಅವಳ ಹೆಸರು, ಗುರುತು ಬಹಿರಂಗ ಮಾಡಬೇಕಿಲ್ಲ ಅಂತ 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 'ಆಸ್ಪತ್ರೆಗೆ ಹೋದ್ರೆ ಊರಿಗೆಲ್ಲ ಗೊತ್ತಾಗುತ್ತೆ' ಅಂತ ತಡ ಮಾಡುವವರಿಗೆ ಇದು ತಿಳಿದಿರಬೇಕು.

ಪೇಟೆಯವರು ಇದರಲ್ಲಿ ಎಲ್ಲಿ ಬರ್ತಾರೆ?

ಶಾಲೆಯಲ್ಲಿ ಕಲಿತ ಮಗು ಮುಂದಿನ ಹೆಜ್ಜೆ ಇಡೋದು ಪೇಟೆಯಲ್ಲಿ.

ಮೆಡಿಕಲ್ ಶಾಪ್ ಮತ್ತು ಕಿರಾಣಿ ಅಂಗಡಿ: ಹುಡುಗಿ ಬಂದು, ಅಂಗಡಿಯಲ್ಲಿ ಬೇರೆ ಗಂಡಸರು ಇದ್ದರೆ ಸುಮ್ಮನೆ ನಿಂತಿರುತ್ತಾಳೆ. "ಏನ್ ಬೇಕಮ್ಮಾ?" ಅಂತ ಎರಡು ಸಲ ಜೋರಾಗಿ ಕೇಳಿದರೆ "ಏನಿಲ್ಲಣ್ಣ" ಅಂತ ಹಾಗೇ ಹೋಗಿಬಿಡುತ್ತಾಳೆ. ಪ್ಯಾಡುಗಳನ್ನ ಬೆಲೆ ಕಾಣುವಂತೆ ಕೈಗೆ ಸಿಗುವ ಕಡೆ ಇಟ್ಟರೆ ಅರ್ಧ ನಾಚಿಕೆ ಕಳೆಯುತ್ತೆ. ಪೇಪರ್ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ ಕೊಡೋದು ಒಳ್ಳೆ ಮನಸ್ಸಿನಿಂದಲೇ. ಆದರೆ ಅದು 'ಇದು ಮುಚ್ಚಿಡೋ ವಸ್ತು' ಅಂತಲೂ ಹೇಳಿಕೊಡುತ್ತೆ. ಕವರ್ ಬೇಕಾ ಅಂತ ಕೇಳಿ ಕೊಟ್ಟರೆ ಸಾಕು. 2018ರ ಜುಲೈನಿಂದ ಸ್ಯಾನಿಟರಿ ಪ್ಯಾಡ್ ಮೇಲೆ ಜಿಎಸ್‌ಟಿ ಇಲ್ಲ. ಜನೌಷಧಿ ಕೇಂದ್ರದಲ್ಲಿ 2019ರಿಂದ 'ಸುವಿಧಾ' ಪ್ಯಾಡ್ ಒಂದಕ್ಕೆ ಒಂದು ರೂಪಾಯಿಯಂತೆ ಸಿಗುತ್ತಿದೆ. ಶಾಲೆಗಳಿಗೆ ಸರ್ಕಾರದ 'ಶುಚಿ' ಯೋಜನೆಯೂ ಇದೆ.

ಮಾತ್ರೆ ವಿಷಯದಲ್ಲಿ ಮೆಡಿಕಲ್‌ನವರಿಗೆ ಎಚ್ಚರ ಬೇಕು. 72 ಗಂಟೆಯೊಳಗೆ ತೆಗೆದುಕೊಳ್ಳುವ ತುರ್ತು ಗರ್ಭನಿರೋಧಕ ಮಾತ್ರೆಯೇ ಬೇರೆ, ಗರ್ಭಪಾತದ ಮಾತ್ರೆಯೇ ಬೇರೆ. ಮೊದಲನೆಯದು ಗರ್ಭ ನಿಲ್ಲದಂತೆ ತಡೆಯುತ್ತೆ, ನಿಂತ ಗರ್ಭವನ್ನು ತೆಗೆಯೋದಿಲ್ಲ. ಎರಡನೆಯದನ್ನು ವೈದ್ಯರ ಚೀಟಿ ಇಲ್ಲದೆ ಮಾರೋದು ಕಾನೂನು ಪ್ರಕಾರ ತಪ್ಪು. ಅತಿ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದರೆ ಅಂಗಡಿಯವರೂ ಉತ್ತರ ಹೇಳಬೇಕಾಗುತ್ತೆ.

ಪ್ರಿಂಟಿಂಗ್ ಪ್ರೆಸ್, ಕಲ್ಯಾಣ ಮಂಟಪ, ಶಾಮಿಯಾನ, ಅಡುಗೆಯವರು, ಫೋಟೊ ಸ್ಟುಡಿಯೊ: ಪೀರ್ ಎಜುಕೇಟರ್ ಕಿವಿಗೆ ಬೀಳುವ ದೊಡ್ಡ ಸುದ್ದಿಗಳಲ್ಲಿ ಒಂದು, 'ಅವಳಿಗೆ ಮದುವೆ ಗೊತ್ತಾಗಿದೆಯಂತೆ'. ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆ ಬಾಲ್ಯವಿವಾಹ. ರಾಜ್ಯದ ತಿದ್ದುಪಡಿ ಬಂದ ಮೇಲೆ ಕರ್ನಾಟಕದಲ್ಲಿ ಅಂಥ ಮದುವೆಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ, ಅದು ಮೊದಲಿನಿಂದಲೇ ಅಸಿಂಧು. ಮಾಡಿಸಿದವರು, ನಡೆಸಿಕೊಟ್ಟವರು, ನೆರವಾದವರಿಗೆ ಎರಡು ವರ್ಷದವರೆಗೆ ಕಠಿಣ ಜೈಲು ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ಆಗಬಹುದು. ಲಗ್ನಪತ್ರಿಕೆ ಅಚ್ಚು ಹಾಕುವ ಮೊದಲು, ಮಂಟಪ ಬುಕ್ ಮಾಡಿಕೊಳ್ಳುವ ಮೊದಲು ವಯಸ್ಸಿನ ದಾಖಲೆ ಕೇಳೋದು ಅವರ ವ್ಯಾಪಾರಕ್ಕೂ ಕ್ಷೇಮ.

ಮೊಬೈಲ್ ಅಂಗಡಿ: ರಿಪೇರಿಗೆ ಬಂದ ಫೋನಿನ ಗ್ಯಾಲರಿ ತೆರೆದು ನೋಡೋದು, ಮೆಮೊರಿ ಕಾರ್ಡಿಗೆ 'ಅಂಥ' ವಿಡಿಯೊ ತುಂಬಿಸಿ ಕೊಡೋದು, ಎರಡೂ ಅಂಗಡಿಯವರನ್ನೇ ಕೇಸಿಗೆ ಸಿಲುಕಿಸುತ್ತೆ.

ಪೋಷಕರ ಮೂರು ಪ್ರಶ್ನೆ

"ಹೇಳಿಕೊಟ್ರೆ ಮಕ್ಕಳಿಗೆ ಇಲ್ಲದ ಯೋಚನೆ ಬರಲ್ವಾ?" ಯೋಚನೆ ವಯಸ್ಸಿನಿಂದ ಬರುತ್ತೆ, ಪಾಠದಿಂದಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಮಾಡಿ ನೋಡಿದ ಯುನೆಸ್ಕೊದ 2018ರ ಮಾರ್ಗಸೂಚಿಯೂ, ಇಂಥ ಶಿಕ್ಷಣದಿಂದ ಮಕ್ಕಳಲ್ಲಿ ಲೈಂಗಿಕ ಚಟುವಟಿಕೆ ಹೆಚ್ಚಾಗೋದಿಲ್ಲ ಅಂತಲೇ ಹೇಳುತ್ತೆ.

"ನಮ್ಮ ಮಗಳನ್ನೇ ಯಾಕೆ ಆರಿಸಿದ್ರಿ? ಜನ ಏನಂತಾರೆ?" ಪೀರ್ ಎಜುಕೇಟರ್ ಆದ ಮಗು ತರಬೇತಿಯಿಂದ ಮೊದಲು ತನ್ನನ್ನ ಕಾಪಾಡಿಕೊಳ್ಳೋದು ಕಲಿಯುತ್ತೆ. ಆದರೆ ಪೋಷಕರ ಒಪ್ಪಿಗೆ ಕೇಳದೆ ಹೆಸರು ಬರೆಯೋದು ಸರಿಯಲ್ಲ. ಶಾಲೆಯವರು ಮೊದಲೇ ಕರೆದು ಏನೇನು ಹೇಳಿಕೊಡ್ತಾರೆ ಅಂತ ತೋರಿಸಬೇಕು.

"ಮನೇಲಿ ನಾವೇನು ಮಾಡಬೇಕು?" ದೊಡ್ಡ ಪಾಠ ಮಾಡಬೇಕಿಲ್ಲ. ಮಗು ಕೇಳಿದಾಗ "ಇದೆಲ್ಲ ಎಲ್ಲಿ ಕಲಿತೆ?" ಅಂತ ಗದರದಿದ್ದರೆ ಸಾಕು. ಒಂದು ಸಲ ಗದರಿಸಿಕೊಂಡ ಮಗು ಎರಡನೇ ಸಲ ಮನೆಯಲ್ಲಿ ಕೇಳೋದಿಲ್ಲ. ಅಪ್ಪಂದಿರು ಹುಡುಗರ ಜೊತೆ ಮಾತಾಡೋದು ಇನ್ನೂ ಅಪರೂಪ, ಅಲ್ಲಿಂದಲೂ ಶುರುವಾಗಬೇಕು.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಕೇಳಬಹುದಾದದ್ದು

- ಶಾಲೆಯ ಇಬ್ಬರು ಆರೋಗ್ಯ ರಾಯಭಾರಿ ಶಿಕ್ಷಕರು ಯಾರು? ತರಬೇತಿ ಯಾವಾಗ ಆಗಿದೆ?
- ಪ್ರತಿ ತರಗತಿಯಿಂದ ಆರಿಸಿದ ಮಕ್ಕಳು ಯಾರು? ಹೇಗೆ ಆರಿಸಿದರು?
- ಹುಡುಗರಿಗೆ ಪ್ರತ್ಯೇಕ ಗುಂಪು ನಡೆಯುತ್ತಿದೆಯಾ?
- ಪ್ರಶ್ನೆ ಪೆಟ್ಟಿಗೆ ಇದೆಯಾ? ಅದರ ಬೀಗದ ಕೈ ಯಾರ ಹತ್ತಿರ ಇದೆ?
- ಶೌಚಾಲಯದಲ್ಲಿ ನೀರು, ಬಾಗಿಲಿಗೆ ಚಿಲಕ, ಪ್ಯಾಡ್ ಹಾಕುವ ಡಬ್ಬ ಇದೆಯಾ?
- ತಾಲೂಕು ಆಸ್ಪತ್ರೆಯ ಸ್ನೇಹಾ ಕ್ಲಿನಿಕ್ ಯಾವ ದಿನ, ಯಾವ ಹೊತ್ತಿಗೆ ತೆರೆದಿರುತ್ತೆ ಅಂತ ಮಕ್ಕಳಿಗೆ ಹೇಳಿದ್ದಾರಾ?

ಕೊನೆಯ ಪ್ರಶ್ನೆ ತುಂಬ ಮುಖ್ಯ. ಹದಿಹರೆಯದವರಿಗಾಗಿಯೇ ಇರುವ ಸರ್ಕಾರದ ಸ್ನೇಹಾ ಕ್ಲಿನಿಕ್‌ನಲ್ಲಿ ಸಲಹೆ, ತಪಾಸಣೆ ಉಚಿತ. ಮಾತು ಗುಟ್ಟಾಗಿಡೋದು ಅಲ್ಲಿನ ನಿಯಮ. ಶಾಲೆ ಬಿಡುವ ಹೊತ್ತಿಗೆ ಅದು ಮುಚ್ಚಿದ್ದರೆ ಮಕ್ಕಳಿಗೆ ಪ್ರಯೋಜನ ಇಲ್ಲ. ಸಮಯ ಬದಲಿಸಿ ಅಂತ ತಾಲೂಕು ಆರೋಗ್ಯಾಧಿಕಾರಿಗೆ ಮನವಿ ಕೊಡೋದು ಎಸ್‌ಡಿಎಂಸಿ, ಗ್ರಾಮ ಪಂಚಾಯಿತಿ ಇಬ್ಬರಿಗೂ ಆಗುವ ಕೆಲಸ.

ನೆನಪಿಟ್ಟುಕೊಳ್ಳಬೇಕಾದ ನಂಬರ್‌ಗಳು

- ಮಕ್ಕಳ ಸಹಾಯವಾಣಿ: 1098 (ಬಾಲ್ಯವಿವಾಹ, ದೌರ್ಜನ್ಯ, ಯಾವುದೇ ತೊಂದರೆಗೆ, 24 ಗಂಟೆ)
- ಆರೋಗ್ಯ ಸಹಾಯವಾಣಿ: 104
- ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್: 14416
- ಸೈಬರ್ ಅಪರಾಧ ದೂರು: 1930
- ತುರ್ತು ಪೊಲೀಸ್ ನೆರವು: 112

ಅಂಗಡಿಯವರು ಈ ಐದು ನಂಬರ್‌ಗಳನ್ನ ದೊಡ್ಡ ಅಕ್ಷರದಲ್ಲಿ ಬರೆದು ಕೌಂಟರ್ ಪಕ್ಕ ಅಂಟಿಸಬಹುದು. ಕೇಳೋಕೆ ಧೈರ್ಯ ಇಲ್ಲದ ಮಗುವೂ ಚಿಲ್ಲರೆ ತೆಗೆದುಕೊಳ್ಳುವ ಹೊತ್ತಿಗೆ ಅದನ್ನ ಓದಿಕೊಳ್ಳುತ್ತೆ.